ಜೆಥ್ರೋ ಭಾವನ ಎಡಗಾಲಿನ ಬೂಟು

ನನ್ನ ಅಕ್ಕ ಕೆಜಾಯಾ ಮದುವೆಯಾದದ್ದು ಬೂಟು ಹೊಲಿಯುವವರನ್ನು, ಸಂಸಾರ ಮಾಡಿದ್ದು ಪೊಲೀಸ್ ಪೇದೆಯ ಜೊತೆ. ಇಬ್ಬರೂ ಒಬ್ಬರೇ, ಜೆಥ್ರೋ ಮೇಡ್‌ಮೆಂಟ್, ನನ್ನ ಭಾವ. ಕಸುಬು ಬದಲಾಯಿಸಿದ್ದರಿಂದ ಪೊಲೀಸ್ ಇಲಾಖೆಗೆ ಎಷ್ಟು ಲಾಭವಾಯಿತೋ ನಾನು ಹೇಳಲಾರೆ. ನಮ್ಮೂರಿನ ಕಾಲುಗಳಿಗಂತೂ ತುಂಬ ಲಾಭವಾಯಿತು.

ನಮ್ಮೂರು ಟ್ಯಾಡ್‌ಬರಿಯ ಜನ ಒಳ್ಳೆಯವರು. ಹನ್ನೊಂದು ವರ್ಷ ಭಾವ ಹೊಲಿದ ಬೂಟು ಮೆಟ್ಟಿಕೊಂಡು ಓಡಾಡಿದರೂ ಒಬ್ಬರೂ ಅವರ ಮೇಲೆ ಕೈ ಮಾಡಲಿಲ್ಲ. ಗದ್ದಲವಾಗಲಿ ಜಗಳವಾಗಲಿ ಇಲ್ಲ. ಕುಂಟುತ್ತ ಬಂದು, ನಮಸ್ಕಾರ ಹೇಳಿ, ಕುಂಟುತ್ತ ಹೋಗುತ್ತಿದ್ದರು. ಅವರ ಕೈಯಿಂದ ಉಪಕಾರವೇ ಆಗಲಿಲ್ಲ ಎನ್ನುವಂತೆಯೂ ಇಲ್ಲ. ನಮ್ಮ ಪಾದ್ರಿಗಳು ಭಾನುವಾರ ಒಂದು ಗಂಟೆಗೆ ಕಡಿಮೆ ಇಲ್ಲದಂತೆ ಉಪದೇಶ ಕೊಡುತ್ತಿದ್ದವರು, ಭಾವನ ಹತ್ತಿರ ಒಂದು ಜೊತೆ ಬೂಟು ಹೊಲಿಸಿಕೊಂಡ ಮೇಲೆ ಇಪ್ಪತ್ತು ನಿಮಿಷಕ್ಕೇ ಮುಖ ಕಿವುಚಿ ‘ಆಮೆನ್’ ಎಂದು ಕೂತುಬಿಡುತ್ತಿದ್ದರು. ಆ ವರ್ಷ ಚರ್ಚಿನಲ್ಲಿ ಕೂರಲು ಜಾಗ ಸಾಲದಾಯಿತು.

ಕೊನೆಗೆ ಭಾವನಿಗೇ ಬೇಸರ ಬಂತು. ಆರಡಿ ಎರಡಂಗುಲದ ಆಳು, ಹೆಬ್ಬಾಗಿಲಿನಷ್ಟು ಅಗಲ. ಕೌಂಟಿ ಪೊಲೀಸಿಗೆ ಅಂಥವರೇ ಬೇಕಾಗಿತ್ತು. ಓದು ಬರಹ ಬರಬೇಕು ಎನ್ನುವುದೊಂದೇ ತೊಡಕು. ನಾನು, ಡಾರ್ಕಸ್ ಸ್ವೀಟ್‌ಆ್ಯಪಲ್, ಶಿಶುಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದವಳು, ಅವರ ಮನೆಯಲ್ಲೇ ಇದ್ದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಚಳಿಗಾಲವಿಡೀ ಅವರಿಗೆ ಪಾಠ ಹೇಳಿದೆ. ಐದು ವರ್ಷದ ಮಕ್ಕಳಿಗೆ ಹೇಳಿಕೊಟ್ಟಷ್ಟೇ ಹೇಳಿಕೊಟ್ಟೆ, ಐದು ವರ್ಷದ ಮಕ್ಕಳಷ್ಟೇ ಕಲಿತರು. ಅವರು ಬರೆದ ಮೊದಲ ವರದಿ ನನಗೆ ಇನ್ನೂ ಬಾಯಿಪಾಠ: “ಕಳೆದ ಹಂದಿ ಸಿಕ್ಕಿತು. ಹಂದಿ ತಪ್ಪೊಪ್ಪಿಕೊಂಡಿತು.”

ಪೇದೆಯಾದ ಮೇಲೆ ಭಾವ ಯಾರನ್ನೂ ಓಡಿಸಿಕೊಂಡು ಹೋಗಿ ಹಿಡಿದದ್ದನ್ನು ನಾನು ನೋಡಿಲ್ಲ. ಓಡುವುದು ಅವರಿಗೆ ಅಮರ್ಯಾದೆಯ ಕೆಲಸ. ತಪ್ಪು ಮಾಡಿದವನ ಪಕ್ಕ ಹೋಗಿ ಕೂತುಕೊಳ್ಳುವುದು, ಅವನೇ ಬೇಜಾರಾಗಿ ಏಳುವವರೆಗೂ ಮಾತಾಡುವುದು, ಇದು ಅವರ ಪದ್ಧತಿ. ಹುಲ್ಲಿನ ಚಾವಣಿ ಹೊದಿಸುವ ನೋವಾ ಬ್ಯಾಟನ್ ಪ್ರತಿ ಸಂತೆಯ ದಿನ ಸೈಡರ್ ಎಂಬ ಸೇಬಿನ ಹೆಂಡ ಕುಡಿದು ಛತ್ರದ ಕಿಟಕಿ ಗಾಜು ಒಡೆಯುತ್ತಿದ್ದ. ಭಾವ ಹೋಗಿ ಎದುರಿನ ಕಲ್ಲಿನ ಮೇಲೆ ಕೂರುತ್ತಿದ್ದರು.

“ಏನ್ ನೋವಾ, ಆಯ್ತಾ?”

“ಇನ್ನೂ ಒಂದ್ ಕಿಟಕಿ ಐತೆ ಜೆಥ್ರೋಣ್ಣ.”

“ಸರಿ, ಅದನ್ನೂ ಮುಗಿಸ್ಕೊಂಡೇ ಬಾ. ನಂಗೇನು ಅವಸರ ಇಲ್ಲ. ನಿನ್ ಹೆಂಡ್ತಿ ಮಾತ್ರ ಲಟ್ಟಣಿಗೆ ಹಿಡ್ಕೊಂಡು ಸೇತುವೆ ದಾಟಿದ್ಳು.”

ನೋವಾ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಡುತ್ತಿದ್ದ. “ಜೆಥ್ರೋಣ್ಣ, ನಿಮ್ ಲಾಕಪ್ಪಿಗೆ ಒಳಗಡೆಯಿಂದ ಚಿಲಕ ಐತಾ?”

ಲಾಕಪ್ಪು ಎಂದರೆ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಗಳು. ಮುಂದಿನ ಕೋಣೆ ಠಾಣೆ, ನಡುವೆ ನಮ್ಮ ಸಂಸಾರ. ಊರಿನಲ್ಲಿ ಅಪರಾಧ ಕಡಿಮೆ, ಅಕ್ಕನ ಹಿತ್ತಿಲಿನಲ್ಲಿ ಈರುಳ್ಳಿ ಜಾಸ್ತಿ. ಆದ್ದರಿಂದ ಒಂದು ಲಾಕಪ್ಪಿನ ತುಂಬ ಈರುಳ್ಳಿ ಒಣಗುತ್ತಿತ್ತು. ಒಂದೊಂದು ವರ್ಷ ಬೆಳೆ ಹೆಚ್ಚಾದಾಗ ಎರಡನೆಯದರಲ್ಲೂ. ಕೈದಿಗಳನ್ನು ನೋಡಲು ಬಂದ ಪಾದ್ರಿಗಳು ಅವರ ಕಣ್ಣಲ್ಲಿ ಧಾರಾಕಾರ ನೀರು ಕಂಡು, “ಮೇಡ್‌ಮೆಂಟ್ ಅವರ ಠಾಣೆಯಲ್ಲಿ ಆಗುವಷ್ಟು ಪಶ್ಚಾತ್ತಾಪ ನನ್ನ ಚರ್ಚಿನಲ್ಲೂ ಆಗೋದಿಲ್ಲ” ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದರು. ಭಾವ ಅದನ್ನು ತಿದ್ದಲು ಹೋಗಲಿಲ್ಲ.

ಹೀಗೆ ಹದಿಮೂರು ವರ್ಷ ಕಳೆಯಿತು. ಸಾವಿರದೆಂಟುನೂರ ಎಪ್ಪತ್ನಾಲ್ಕರ ವಸಂತದಲ್ಲಿ ಜಿಲ್ಲೆಗೆ ಟ್ರೆಂಚರ್ಡ್ ಎಂಬ ಹೊಸ ಸೂಪರಿಂಟೆಂಡೆಂಟ್ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮೇಣ ಹಚ್ಚಿ ಸೂಜಿ ಮಾಡಿದ ಮೀಸೆ. ಅವರ ಹಿಂದೆ ಒಂದು ದೊಡ್ಡ ಪೆಟ್ಟಿಗೆ: ಅದರಲ್ಲಿ ಅಳತೆ ಪಟ್ಟಿ, ಭೂತಗನ್ನಡಿ, ಗಾರೆ ಪುಡಿ, ಫೋಟೋ ತೆಗೆಯುವ ಯಂತ್ರ. ಕಳ್ಳರನ್ನು ಹಿಡಿಯುವುದು ಇನ್ನು ಮುಂದೆ ಶಾಸ್ತ್ರೀಯವಾಗಿ ನಡೆಯಬೇಕು ಎಂದು ಅವರು ಭಾವನಿಗೆ ಮುಕ್ಕಾಲು ಗಂಟೆ ವಿವರಿಸಿದರು. ಆಮೇಲೆ ಶಾಸ್ತ್ರೀಯವಾಗಿ ನೋವಾ ಬ್ಯಾಟನ್‌ನ ಫೋಟೋ ತೆಗೆದರು, ಎದುರಿನಿಂದ ಒಂದು, ಪಕ್ಕದಿಂದ ಒಂದು. ನೋವಾ ಟೋಪಿ ಸರಿಮಾಡಿಕೊಂಡು, “ಸಾಹೇಬ್ರೆ, ನನ್ ಹೆಂಡ್ತಿ ಜೊತೆ ನಿಂತ್ಕಂಡು ಒಂದ್ ತೆಗೀತೀರಾ?” ಎಂದ.

ಆ ಆಗಸ್ಟಿನಲ್ಲಿ ಕಳವಾಯಿತು. ಹೂವು ತರಕಾರಿಗಳ ಪ್ರದರ್ಶನದ ದಿನ, ಹಾಡುಹಗಲೇ. ಊರಿಗೆ ಊರೇ ಮೈದಾನದ ಡೇರೆಗಳಲ್ಲಿತ್ತು. ಆ ಹೊತ್ತಿನಲ್ಲಿ ಯಾರೋ ಮಿಸ್ ಬೌಡನ್ ಅವರ ಮನೆಯ ಉಗ್ರಾಣದ ಕಿಟಕಿಯಿಂದ ನುಗ್ಗಿ ಬೆಳ್ಳಿಯ ಚಹಾ ಕುಡಿಕೆಯನ್ನೂ ಆರು ಚಮಚಗಳನ್ನೂ ಹೊತ್ತುಕೊಂಡು ಹೋಗಿದ್ದರು. ಮಿಸ್ ಬೌಡನ್ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಅವರ ತಾಯಿ, ಅಜ್ಜಿ ಎಲ್ಲರೂ ಅದೇ ಕುಡಿಕೆಯಿಂದ ಚಹಾ ಬಗ್ಗಿಸಿದವರು. ಸಂಜೆ ಆರಕ್ಕೆ ಮನೆಗೆ ಬಂದು ನೋಡಿದವರು ಕೂಗಲಿಲ್ಲ, ಅಳಲಿಲ್ಲ. ಠಾಣೆಗೆ ಬಂದು, “ಮೇಡ್‌ಮೆಂಟ್, ನಾನೀಗ ಚಹಾ ಹೇಗೆ ಮಾಡಲಿ?” ಎಂದು ಕೇಳಿದರು. ಆ ಮಾತಿಗೆ ಭಾವನ ಮುಖ ಸಪ್ಪಗಾಯಿತು.

ಸಾಹೇಬರು ಪ್ರದರ್ಶನಕ್ಕೆಂದು ಊರಲ್ಲೇ ಇದ್ದರು. ತಕ್ಷಣ ಸುತ್ತಲ ರೈಲು ನಿಲ್ದಾಣಗಳಿಗೆಲ್ಲ ತಂತಿ ಹೊಡೆಸಿ ಕಾವಲು ಹಾಕಿಸಿದರು. ಬೆಳಿಗ್ಗೆ ಬೆಳಕು ಹರಿಯುತ್ತಲೂ ಪೆಟ್ಟಿಗೆಯೊಂದಿಗೆ ಮಿಸ್ ಬೌಡನ್ ಮನೆಗೆ ಬಂದರು. ಉಗ್ರಾಣದ ಕಿಟಕಿಯ ಕೆಳಗೆ, ಒದ್ದೆ ಹೂವಿನ ಪಾತಿಯಲ್ಲಿ, ಎಡಗಾಲಿನ ಒಂದು ಬೂಟಿನ ಗುರುತು ಅಚ್ಚೊತ್ತಿದ ಹಾಗೆ ಮೂಡಿತ್ತು. ಸಾಹೇಬರು ಗಾರೆ ಕಲಸಿದರು, ಹುಯ್ದರು, ಒಣಗಲು ಕಾದರು. ಕೊನೆಗೆ ಮಗುವನ್ನು ಎತ್ತುವ ಹಾಗೆ ಅಚ್ಚನ್ನು ಎತ್ತಿ, “ನೋಡಿ ಮೇಡ್‌ಮೆಂಟ್! ಈ ಬೂಟಿನ ಮಾಲೀಕ ಯಾರು ಅಂತ ಗೊತ್ತಾದ್ರೆ ಕಳ್ಳ ಸಿಕ್ಕಿದ ಹಾಗೆ” ಎಂದರು.

ಭಾವ ನೋಡಿದರು. ಬೇರೆಯವರು ಬೂಟಿನ ಅಟ್ಟೆಗೆ ಮೊಳೆ ಹೊಡೆಯುವಾಗ ಎರಡು ಕಡೆಯೂ ಸಮನಾಗಿ ಹೊಡೆಯುತ್ತಾರೆ. ಭಾವ ಎಣಿಕೆ ತಪ್ಪಿ ಒಂದು ಕಡೆ ಏಳು, ಇನ್ನೊಂದು ಕಡೆ ಆರು ಹೊಡೆಯುತ್ತಿದ್ದರು. ಗಾರೆಯ ಅಚ್ಚಿನಲ್ಲಿ ಏಳು ಒಂದು ಕಡೆ, ಆರು ಒಂದು ಕಡೆ ಇದ್ದವು. ಊರವರು ಅವರ ಬೂಟುಗಳನ್ನೆಲ್ಲ ಎಂದೋ ಒಲೆಗೆ ಹಾಕಿದ್ದರು. ಉಳಿದಿದ್ದದ್ದು ಒಂದೇ ಜೊತೆ. ಕಸುಬು ಬಿಡುವ ಮೊದಲು ತಮಗಾಗಿಯೇ ಹೊಲಿದುಕೊಂಡದ್ದು, ಹೆಮ್ಮೆಯಿಂದ ಅಟ್ಟದ ಮೇಲೆ ಇಟ್ಟದ್ದು.

ಭಾವ ಮನೆಗೆ ಬಂದು ನೆಟ್ಟಗೆ ಅಟ್ಟ ಹತ್ತಿದರು. ಅಕ್ಕ ಹಿಟ್ಟು ನಾದುತ್ತಿದ್ದಳು. ಮೇಲೆ ಪೆಟ್ಟಿಗೆಗಳು ಎಳೆದಾಡುವ ಸದ್ದು. ಅಕ್ಕ ಇನ್ನೂ ಜೋರಾಗಿ ನಾದಿದಳು.

“ಕೆಜಾಯಾ, ನನ್ ಬೂಟೆಲ್ಲಿ?”

“ಯಾವ ಬೂಟ್ರೀ?”

“ನನಗೆ ಇನ್ಯಾವ ಬೂಟಿದೆ? ನಾನು ಹೊಲಿದಿದ್ದು.”

“ಅಲ್ಲೇ ಎಲ್ಲೋ ಇರುತ್ತೆ ನೋಡ್ರೀ. ಇಲಿ ಗಿಲಿ ಎಳ್ಕೊಂಡು ಹೋಗಿರ್ಬೇಕು.”

“ಅವನ್ನ ಎಳ್ಯೋಕೆ ಇಲಿ ಅಲ್ಲ, ಎತ್ತು ಬೇಕು” ಎಂದೆ ನಾನು. ಅಕ್ಕ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಭಾವ ಟೋಪಿ ಹಾಕಿಕೊಂಡು ಸಾಹೇಬರ ಮುಂದೆ ಹೋಗಿ ನಿಂತರು. “ಸಾರ್, ಆ ಬೂಟು ನಂದು.”

ಸಾಹೇಬರ ಮೀಸೆ ಎರಡು ಕಡೆಯೂ ಒಂದಂಗುಲ ಎದ್ದಿತು. “ನಿನ್ನೆ ಮಧ್ಯಾಹ್ನ ಮೂರರಿಂದ ಐದರವರೆಗೆ ನೀವೆಲ್ಲಿದ್ರಿ?”

“ಕುಂಬಳಕಾಯಿ ಡೇರೆಯಲ್ಲಿ ಸಾರ್. ಕಾವಲಿಗೆ.”

“ನೋಡಿದವರು ಯಾರು?”

ಭಾವ ಬಹಳ ಹೊತ್ತು ಯೋಚಿಸಿದರು. “ನಾನು ಕುಂಬಳಕಾಯಿ ಹಿಂದೆ ಕೂತಿದ್ದೆ ಸಾರ್. ಕಣ್ಣು ಮುಚ್ಚಿದ್ದೆ. ನನ್ನನ್ನ ಯಾರು ನೋಡಿದ್ರು ಅನ್ನೋದು ನಂಗೆ ಕಾಣಿಸ್ಲಿಲ್ಲ.”

ಶಾಸ್ತ್ರಕ್ಕೆ ಭಾವ ಪೇದೆಯೇ ಕಳ್ಳನೇ ಎಂಬ ಭೇದವಿಲ್ಲ. ಅವರನ್ನು ಲಾಕಪ್ಪಿಗೆ ಹಾಕಬೇಕೆಂದು ಸಾಹೇಬರು ಹುಕುಂ ಮಾಡಿದರು. ಊರಿಗಿರುವುದು ಒಬ್ಬರೇ ಪೇದೆ. ಭಾವ ಸೊಂಟದಿಂದ ಬೀಗದ ಕೈ ತೆಗೆದು ತಾವೇ ಬಾಗಿಲು ತೆರೆದರು, ತಾವೇ ಈರುಳ್ಳಿ ಚೀಲಗಳನ್ನು ಪಕ್ಕಕ್ಕೆ ಸರಿಸಿ ಹಲಗೆಯ ಮೇಲೆ ಜಾಗ ಮಾಡಿಕೊಂಡರು, ಕಂಬಿಗಳ ಸಂದಿಯಿಂದ ಕೈ ಚಾಚಿ ಬೀಗ ಹಾಕಿ ಕೀಲಿಯನ್ನು ಸಾಹೇಬರಿಗೆ ಒಪ್ಪಿಸಿದರು. ದಾಖಲೆ ಪುಸ್ತಕವನ್ನೂ ಅವರೇ ಕೇಳಿ ತರಿಸಿಕೊಂಡು ಮಂಡಿಯ ಮೇಲಿಟ್ಟುಕೊಂಡರು.

“ಡಾರ್ಕಸ್, ‘ಶಂಕೆ’ ಅನ್ನೋದಕ್ಕೆ ಸೊನ್ನೆ ಬರುತ್ತಾ?”

“ಬರುತ್ತೆ ಭಾವ.”

“ಒಂದೇ ತಾನೆ?”

ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅವರು ಈರುಳ್ಳಿಯ ಮಧ್ಯೆ ಕೂತು, ಕಣ್ಣೊರೆಸಿಕೊಳ್ಳುತ್ತ, ನಾಲಿಗೆ ಹೊರಗೆ ಚಾಚಿಕೊಂಡು ತಮ್ಮ ಮೇಲಿನ ಆಪಾದನೆಯನ್ನು ತಾವೇ ದುಂಡಗೆ ಬರೆದರು.

ಮಧ್ಯಾಹ್ನದ ಊಟ ತೆಗೆದುಕೊಂಡು ಹೋದ ಅಕ್ಕ ಕಂಬಿಯ ಮುಂದೆ ತಟ್ಟೆ ಹಿಡಿದು ನಿಂತಳು. ಭಾವನ ಕಣ್ಣುಗಳು ಕೆಂಪಾಗಿದ್ದವು. ಅದು ಈರುಳ್ಳಿಯ ಕೆಂಪು ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ. ತಟ್ಟೆ ನನ್ನ ಕೈಗೆ ಕೊಟ್ಟು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು.

“ಬೂಟು ಕೊಟ್ಟೋಳು ನಾನು ಕಣ್ರೀ! ಹತ್ತು ದಿನ ಆಯ್ತು. ಒಬ್ಬ ದಾರಿಹೋಕ ಬಂದಿದ್ದ, ಬರಿಗಾಲಲ್ಲಿದ್ದ. ಕೊಟ್ಬಿಟ್ಟೆ.”

ಪಕ್ಕದಲ್ಲೇ ಇದ್ದ ಸಾಹೇಬರು ಪುಸ್ತಕ ತೆರೆದರು. “ಗುರುತು ಹೇಳಿ. ಎತ್ತರ ಎಷ್ಟು?”

“ತುಂಬಾ ಮರ್ಯಾದಸ್ಥ. ಬಾಗಿಲಲ್ಲೇ ನಿಂತಿದ್ದ ಪಾಪ.”

“ಕೂದಲು?”

“ನನ್ನ ಪ್ಲಮ್ ಪೈ ಅವರಮ್ಮ ಮಾಡೋದಕ್ಕಿಂತ ಚೆನ್ನಾಗಿದೆ ಅಂದ. ಎರಡು ತುಂಡು ತಿಂದ.”

“ಅಮ್ಮಾ, ನಾನು ಕೇಳ್ತಿರೋದು ಕೂದಲು!”

“ಟೋಪಿ ಹಾಕಿದ್ನಲ್ಲ ಸಾಹೇಬ್ರೆ. ಮೂರನೇ ತುಂಡು ಬೇಡ ಅಂದ. ಅಂಥೋನು ಕದೀತಾನೆ ಅಂತ ನಂಗೇನು ಗೊತ್ತು?”

ಭಾವ ಇದನ್ನೆಲ್ಲ ಕೇಳುತ್ತಿದ್ದರೋ ಇಲ್ಲವೋ. ಅವರ ಮನಸ್ಸಿಗೆ ನಾಟಿದ್ದು ಒಂದೇ ಮಾತು. “ಕೊಟ್ಬಿಟ್ಯಾ, ಕೆಜಾಯಾ? ನಾನ್ ಹೊಲಿದಿದ್ದನ್ನ?”

“ಇನ್ನೇನ್ ಮಾಡ್ಲಿ? ಅಟ್ಟ ಗುಡಿಸೋಕೆ ಹೋದಾಗೆಲ್ಲ ಕಾಲಿಗೆ ಹೊಡೀತಿದ್ವು. ಅಲ್ಲಿ ಇಟ್ಕೊಂಡು ಏನ್ ಮಾಡ್ತಿದ್ರಿ? ಹಾಕ್ಕೊಂಡು ಗಿರಣಿವರೆಗೆ ಹೋದವರನ್ನ ಗಾಡೀಲಿ ಹೊತ್ಕೊಂಡು ಬರ್ಲಿಲ್ವಾ?”

ಭಾವ ಎದ್ದು ನಿಂತರು. ತಲೆ ಚಾವಣಿಗೆ ಬಡಿಯಿತು, ಅದೂ ಗೊತ್ತಾಗಲಿಲ್ಲ. ಅವರ ತಲೆಯಲ್ಲಿ ಯೋಚನೆಯೊಂದು ಹೊರಟರೆ ಹೊರಗಿನಿಂದಲೇ ಕಾಣಿಸುತ್ತಿತ್ತು, ಮೊದಲು ಹುಬ್ಬು, ಆಮೇಲೆ ಕಿವಿ, ಕೊನೆಗೆ ಬಾಯಿ.

“ಸಾರ್, ಎಡಗಾಲಿನ ಹಿಮ್ಮಡೀಲಿ ಒಂದು ಮೊಳೆ ಇದೆ. ಎರಡು ಮೈಲಿವರೆಗೆ ಅದು ಮಲಗಿರುತ್ತೆ. ಮೂರನೇ ಮೈಲಿಗೆ ಏಳುತ್ತೆ. ಒಂದ್ಸಲ ಎದ್ರೆ ಎರಡು ದಿನ ನೆಲಕ್ಕೆ ಕಾಲೂರೋಕೆ ಆಗಲ್ಲ. ಈ ಮನುಷ್ಯ ಹತ್ತು ದಿನ ಇಲ್ಲೇ ಊರೊಳಗೆ ಸುತ್ತಾಡ್ಕೊಂಡಿದ್ದಿರ್ಬೇಕು, ಅವನಿಗೆ ಗೊತ್ತಾಗಿರಲ್ಲ. ಕದ್ದ ಮಾಲು ಹಿಡ್ಕೊಂಡು ನಿನ್ನೇನೇ ಮೊದಲ ಸಲ ದೂರ ಹೊರಟಿರೋದು.”

“ಹಾಗಾದ್ರೆ ಬೂಟು ಬಿಚ್ಚಿ ಎಸೆದು ಹೋಗಿರ್ತಾನೆ.”

ಭಾವ ತಲೆ ಅಲ್ಲಾಡಿಸಿದರು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ನನ್ ಬೂಟು ಹಾಗೆಲ್ಲ ಬಿಚ್ಚೋಕೆ ಬರಲ್ಲ ಸಾರ್. ಇಬ್ಬರು ಬೇಕು. ಒಬ್ಬರು ಕಂಕುಳು ಹಿಡೀಬೇಕು, ಒಬ್ಬರು ಎಳೀಬೇಕು. ಇವರಿಬ್ಬರನ್ನೇ ಕೇಳಿ.”

ಅಕ್ಕನೂ ನಾನೂ ಗೋಣು ಹಾಕಿದೆವು. ಹದಿಮೂರು ವರ್ಷದ ಹಿಂದೆ ಪ್ರತಿ ಭಾನುವಾರ ನಮ್ಮ ಪಾಡು ಅದೇ ಆಗಿತ್ತು.

ಸಾಹೇಬರು ಬೀಗ ತೆಗೆದರು. ನಮ್ಮೂರಿನಿಂದ ಹೊರಗೆ ಹೋಗಲು ನಾಲ್ಕು ದಾರಿ, ಮೂರು ದಾರಿಗಳು ಏರು. ಏರಿನಲ್ಲಿ ಆ ಮೊಳೆ ಮೊದಲ ಮೈಲಿಗೇ ಎದ್ದು ಕೂರುತ್ತದೆ, ಹಾಗಾದರೆ ಅವನು ಊರಂಚಿನಲ್ಲೇ ಯಾರದ್ದಾದರೂ ಕಣ್ಣಿಗೆ ಬೀಳಬೇಕಿತ್ತು ಎಂದು ಭಾವ ಹೇಳಿದರು. ಉಳಿದದ್ದು ಹೊಳೆಯ ಪಕ್ಕದ ಸಮತಟ್ಟಾದ ದಾರಿ. ಸಾಹೇಬರ ಕುದುರೆ ಗಾಡಿಯಲ್ಲಿ ನಾವು ನಾಲ್ವರೂ ಹೊರಟೆವು, ಗುರುತು ಹಿಡಿಯಲು ಅಕ್ಕ, ಅಕ್ಕನನ್ನು ಸಮಾಧಾನ ಮಾಡಲು ನಾನು. ಅಕ್ಕ ದಾರಿಯುದ್ದಕ್ಕೂ ಭಾವನ ಮುಖ ನೋಡಲಿಲ್ಲ.

ಊರಿನಿಂದ ಮೂರು ಮೈಲಿ ದೂರದ ಗಿರಣಿಯಿಂದ ಸ್ವಲ್ಪ ಮುಂದೆ, ಹುಲ್ಲಿನ ಬಣವೆಯ ಹಿಂದೆ, ಒಬ್ಬ ಮನುಷ್ಯ ಹೊಳೆಯ ದಂಡೆಯಲ್ಲಿ ಬೂಟು ಸಮೇತ ಎಡಗಾಲನ್ನು ನೀರಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದ. ಭಾವ ನಾಲಿಗೆ ಕಚ್ಚಿಕೊಂಡರು. “ಅಯ್ಯೋ ಪಾಪಿ, ನೀರಿಗೆ ಇಟ್ಟಿದಾನೆ. ಒದ್ದೆಯಾದ್ರೆ ಇನ್ನೂ ಬಿಗಿಯುತ್ತೆ.”

ನಮ್ಮನ್ನು ಕಂಡು ಅವನು ಓಡಲಿಲ್ಲ. ಅಕ್ಕನನ್ನು ಕಂಡು ಎರಡು ಕೈಯೂ ಮುಂದೆ ಚಾಚಿದ. “ಅಮ್ಮಾ ತಾಯಿ, ನಿಮ್ಮ ಧರ್ಮ, ಇದನ್ನ ಬಿಚ್ಚಿಕೊಡಿ!”

ಭಾವ ತಮ್ಮ ಅಭ್ಯಾಸದಂತೆ ಹೋಗಿ ಅವನ ಪಕ್ಕ ಕೂತರು. “ಹೆಸರೇನಪ್ಪ?”

“ಸೆಪ್ಟಿಮಸ್ ಗೇಲ್.”

“ಬೂಟು ಹೇಗಿದೆ?”

“ಸ್ವಾಮೀ, ನಾನು ಮೂರು ಜೈಲು ಕಂಡಿದೀನಿ. ಕಲ್ಲು ಒಡೆದಿದೀನಿ. ಇಂಥ ಶಿಕ್ಷೆ ಎಲ್ಲೂ ಕೊಟ್ಟಿರ್ಲಿಲ್ಲ. ಯಾವ ಕಟುಕ ಹೊಲಿದ್ನೋ ಇದನ್ನ!”

ಭಾವ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡರು. ಅವರಿಗೆ ನೋವಾದದ್ದು ನಮಗೆಲ್ಲ ಕಾಣುತ್ತಿತ್ತು, ಗೇಲ್‌ಗೂ ಕಂಡಿರಬೇಕು. ಅವನು ನಿಜಕ್ಕೂ ಮರ್ಯಾದಸ್ಥನೇ. “ತೊಗಲು ಮಾತ್ರ ಗಟ್ಟಿಯಾಗಿದೆ” ಎಂದ.

“ಗಟ್ಟಿ ಅಲ್ವಾ?” ಎಂದರು ಭಾವ, ತಟ್ಟನೆ ತಿರುಗಿ.

ನಾನು ಕಂಕುಳಿಗೆ ಕೈ ಹಾಕಿದೆ, ಅಕ್ಕ ಬೂಟು ಹಿಡಿದಳು. ಮೂರನೇ ಎಳೆತಕ್ಕೆ ಬೂಟು ಬಂತು, ಅಕ್ಕ ಬಣವೆಯ ಮೇಲೆ ಹೋಗಿ ಬಿದ್ದಳು. ಗೇಲ್ ಕಣ್ಣು ಮುಚ್ಚಿ ದೇವರನ್ನು ನೆನೆದು, ಬಣವೆಯೊಳಗೆ ಕೈ ಹಾಕಿ ಚಹಾ ಕುಡಿಕೆಯನ್ನೂ ಐದು ಚಮಚಗಳನ್ನೂ ತಾನಾಗಿಯೇ ತೆಗೆದುಕೊಟ್ಟ. ಆರನೆಯ ಚಮಚವನ್ನು ಬೂಟು ಬಿಚ್ಚಲು ಹಿಮ್ಮಡಿಗೆ ತುರುಕಿ ಬಗ್ಗಿಸಿಬಿಟ್ಟಿದ್ದ. ಅದಕ್ಕಾಗಿ ಮಿಸ್ ಬೌಡನ್ ಅವರಿಗೆ ಕ್ಷಮೆ ಕೋರಿ ಹೇಳಿಕಳಿಸಿದ.

ಗೇಲ್‌ಗೆ ಒಂಬತ್ತು ತಿಂಗಳ ಜೈಲಾಯಿತು. ಸಾಹೇಬರು ಗಾರೆಯ ಅಚ್ಚಿನ ಮೇಲೆ ಹದಿನಾಲ್ಕು ಪುಟದ ವರದಿ ಬರೆದು ಮೇಲಿನವರಿಂದ ಬೆನ್ನು ತಟ್ಟಿಸಿಕೊಂಡರು. ಅದರಲ್ಲಿ ಮೊಳೆಯ ವಿಷಯ ಒಂದು ಸಾಲು, ಭಾವನ ಹೆಸರು ಇಲ್ಲವೇ ಇಲ್ಲ. ಅಕ್ಕ ಕುದ್ದುಹೋದಳು. ಭಾವ ಮಾತ್ರ, “ಹೆಸರು ಹಾಕಿದ್ರೆ ಬಡ್ತಿ ಕೊಡ್ತಿದ್ರು, ಬಡ್ತಿ ಕೊಟ್ರೆ ವರ್ಗ ಮಾಡ್ತಿದ್ರು. ನಿನ್ ಈರುಳ್ಳಿ ಮಡಿ ಯಾರ್ ನೋಡ್ಕೊಳ್ತಿದ್ರು?” ಎಂದರು. ಬೂಟು ಕೊಟ್ಟುಬಿಟ್ಟ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ. ಒಂದು ವಾರ ಕಳೆದ ಮೇಲೆ ಅಕ್ಕನೇ ತಡೆಯಲಾರದೆ, “ಒಂದ್ಸಲ ಬೈದಾದ್ರೂ ಬೈರೀ!” ಎಂದು ರೇಗಿದಳು. ಭಾವ ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಬೈಗುಳ ಹುಡುಕುತ್ತ ಹುಡುಕುತ್ತ ಪೈಪು ಆರಿಹೋಯಿತು, ಅದನ್ನು ಹೊತ್ತಿಸಿಕೊಳ್ಳುವುದರಲ್ಲಿ ಮರೆತುಬಿಟ್ಟರು.

ಎಂಬತ್ತೊಂಬತ್ತರ ಚಳಿಗಾಲದಲ್ಲಿ ಅಕ್ಕ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಅಷ್ಟು ಹೊತ್ತಿಗೆ ಭಾವ ನಿವೃತ್ತರಾಗಿ, ನಾವು ಮೂವರೂ ಮಾರ್ಕೆಟ್ ಬೀದಿಯ ಸಣ್ಣ ಮನೆಗೆ ಬಂದಿದ್ದೆವು. ಮಣ್ಣು ಮಾಡಿ ಮೂರು ವಾರವಾಗಿರಲಿಲ್ಲ, ಹೊಸ ಪಾದ್ರಿಗಳು ಬಂದರು. ಹೆಂಡತಿ ತೀರಿಕೊಂಡ ಗಂಡಸು, ಮದುವೆಯಾಗದ ಹೆಂಗಸು ಒಂದೇ ಸೂರಿನಡಿ ಇದ್ದರೆ ಜನ ಏನಂದಾರು ಎಂದು ಚಹಾ ಬಟ್ಟಲಿನೊಳಕ್ಕೆ ನೋಡುತ್ತ ಹೇಳಿದರು. ಸತ್ತ ಹೆಂಡತಿಯ ತಂಗಿಯನ್ನು ಮದುವೆಯಾಗುವುದನ್ನು ನಮ್ಮ ಕಾನೂನು ಒಪ್ಪುವುದಿಲ್ಲ, ಆದ್ದರಿಂದ ಆ ದಾರಿಯೂ ಇಲ್ಲ ಎಂದರು. ನಾವಿಬ್ಬರೂ ಆ ದಾರಿಯನ್ನು ಯೋಚಿಸಿಯೇ ಇರಲಿಲ್ಲ. ಅವರು ಹೇಳಿದ ಮೇಲೆ ಇಬ್ಬರೂ ಒಂದು ದಿನವಿಡೀ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಕಾನೂನು ಕಾನೂನೇ, ಡಾರ್ಕಸ್” ಎಂದರು ಭಾವ ಮರುದಿನ. “ಇಪ್ಪತ್ತೇಳು ವರ್ಷ ಅದರ ಅನ್ನ ತಿಂದಿದೀನಿ.”

“ನಾನೇನಾದ್ರೂ ಕೇಳಿದ್ನಾ ಭಾವ?”

“ಇಲ್ಲ. ಹೇಳಿದೆ ಅಷ್ಟೆ.”

ಎದುರು ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ನಾನು ಅಲ್ಲಿಗೆ ಹೋದೆ. ಇದಾಗಿ ಎಂಟು ವರ್ಷವಾಯಿತು. ಪ್ರತಿದಿನ ಮಧ್ಯಾಹ್ನ ನಾಲ್ಕಕ್ಕೆ ಭಾವ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಎರಡು ಕಡೆಯೂ ನೋಡಿ, ಗಂಭೀರವಾಗಿ ರಸ್ತೆ ದಾಟಿ ಬಂದು ನನ್ನ ಬಾಗಿಲು ತಟ್ಟುತ್ತಾರೆ. ನಾನು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಇಡೀ ಬೀದಿಗೆ ಕಾಣುವ ಹಾಗೆ ಚಹಾ ಬಗ್ಗಿಸುತ್ತೇನೆ. ಅವರು ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ, ಐದಕ್ಕೆ ಸರಿಯಾಗಿ ಎದ್ದು, “ಬರ್ತೀನಿ ಮಿಸ್ ಸ್ವೀಟ್‌ಆ್ಯಪಲ್” ಎಂದು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೊರಡುತ್ತಾರೆ.